ಆಯಲೇ ಎಂದ ದೊರೆ

ಅಣ್ಣಿಗೇರಿಯಲ್ಲಿ ನಿಂತು ಪಂಪನ ಪರಿಚಯ ಹೇಳುವುದು ತವರಿನವರಿಗೆ ಮಗಳ ಹೆಸರು ಹೇಳಿದಂತೆ. ತಾಯಿ ಅಬ್ಬಣಬ್ಬೆ ಈ ಊರಿನ ಜೋಯಿಸ ಸಿಂಘನ ಮೊಮ್ಮಗಳು. ‘ವಿಕ್ರಮಾರ್ಜುನ ವಿಜಯ’ ಮುಗಿದದ್ದು 941ರಲ್ಲಿ. ಇಷ್ಟು ಸಾಕು. ನನಗೆ ಬೇಕಾದದ್ದು ಒಂದೇ ಪದ್ಯ, ಭಾನುಮತಿಯ ನೆತ್ತದ ಪದ್ಯ.

ಪಾಂಡವರ ಕಡೆ ಬಾ ಎಂದು ಕೃಷ್ಣ ಕರೆದಾಗ ಕರ್ಣ ಆ ಪ್ರಸಂಗ ತೆಗೆಯುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿ ನೆತ್ತದಲ್ಲಿ ಸೋತಳು, ಪಣ ಕೊಡೆಂದು ಕಾಡುವಾಗ ಹಾರ ಹರಿಯಿತು, ದುರ್ಯೋಧನ ಸಿಟ್ಟಿಲ್ಲದೆ ಮುತ್ತು ಆಯಲೇ ಎಂದ. ಕಾಡಿದವ ಯಾರೆಂದು ಪಂಪ ಹೇಳಿಲ್ಲ. ಕರ್ಣನೇ ಎಂದು ಒಂದು ಪಕ್ಷ. ಛೆ, ಕರ್ಣ ಗೆಳೆಯನ ಹೆಂಡತಿಯ ಹಾರಕ್ಕೆ ಕೈ ಹಾಕುವನೇ, ಗಂಡನೇ ಇರಬೇಕೆಂದು ಇನ್ನೊಂದು. ನಮ್ಮ ಗುರುಗಳು ಎರಡನೆಯವರು. ಈ ಪದ್ಯಕ್ಕೆ ಬಂದರೆ ಗಂಟೆ ಬಾರಿಸಿದ್ದೂ ಕೇಳುತ್ತಿರಲಿಲ್ಲ. “ಕರ್ಣಗ ಕಳಂಕ ಹಚ್ಚಬ್ಯಾಡ್ರೋ” ಎಂದು ಬೇಡಿಕೊಳ್ಳುವವರಂತೆ ಹೇಳುತ್ತಿದ್ದರು.

ಗಂಡು ಹೆಣ್ಣಿನ ನಡುವೆ ಹಾರ ಹರಿದರೆ ಸಾವಿರ ವರ್ಷದ ಮೇಲೂ ನಮಗೆ ಅನುಮಾನ. ಆದರೆ ಕರ್ಣ ಹೇಳುತ್ತಿರುವುದು ಆ ದೊರೆಯನ್ನು ಬಿಟ್ಟು ಹೇಗೆ ಬರಲಿ ಎಂದಲ್ಲವೇ? ರನ್ನನಲ್ಲಿ ಕರ್ಣನ ಹೆಣದ ಮುಂದೆ ದುರ್ಯೋಧನ, ನೀನು ಯಾರ ಮಗನೆಂದು ನನಗೆ ಗೊತ್ತು ಎಂದು ಅಳುತ್ತಾನೆ. ವೈರಿಗಳ ಅಣ್ಣನೆಂದು ಗೊತ್ತಿದ್ದೂ ಬಿಟ್ಟುಕೊಟ್ಟಿರಲಿಲ್ಲ! ನಾವು ಅದಕ್ಕೆ ಸ್ನೇಹವೆಂದು ಹೆಸರಿಟ್ಟು ಪರೀಕ್ಷೆಗೆ ಬರೆದೆವು.

ನನ್ನ ಮೊಮ್ಮಗಳು ನೋಡುವ ಜಪಾನಿನ ಅನಿಮೆಯಲ್ಲೂ ಇಂಥದೇ ಒಂದು ಮೌನವಿದೆ. 2016ರ ‘ಯೂರಿ ಆನ್ ಐಸ್’ನಲ್ಲಿ ಸ್ಕೇಟಿಂಗ್ ಮುಗಿಸಿದ ಹುಡುಗ ಯೂರಿಯನ್ನು ಕೋಚ್ ವಿಕ್ಟರ್ ಓಡಿಬಂದು ತಬ್ಬುವಾಗ, ಸರಿಯಾಗಿ ತುಟಿಯ ಹತ್ತಿರ ತೋಳು ಅಡ್ಡ ಬರುತ್ತದೆ. ಮುತ್ತೋ, ಬರೀ ಅಪ್ಪುಗೆಯೋ ಎಂದು ಅಭಿಮಾನಿಗಳಲ್ಲಿ ಜಗಳ. ಮುಂದೆ ಇಬ್ಬರೂ ಉಂಗುರ ತೊಟ್ಟರೂ ಜಗಳ ನಿಲ್ಲಲಿಲ್ಲ. ಹೇಳದೆ ಬಿಟ್ಟದ್ದನ್ನು ಹಾಗೇ ಬಿಡಬೇಕವ್ವಾ, ರಸ ಅಲ್ಲೇ ಇರುತ್ತದೆ ಎಂದೆ. “ಹುಡುಗ ಹುಡುಗಿ ಇದ್ರ ಹಿಂಗ ಬಿಡ್ತಿದ್ರೇನಜ್ಜಾ?” ಎಂದಳು.

2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಬಂತು, ಗಂಡು ಗಂಡನ್ನು ಪ್ರೀತಿಸುವ ಕಥೆಗಳು. ಅಲ್ಲಿ ಯಾವ ತೋಳೂ ಅಡ್ಡವಿಲ್ಲ. ಅದನ್ನು ಓದಿದ ಮೇಲೆ ಪಂಪನ ಮೌನ ನನಗೆ ಮೊದಲಿನಷ್ಟು ನಿರಾಳವಾಗಿಲ್ಲ. ಹಾಗಂತ ಕರ್ಣ ದುರ್ಯೋಧನರನ್ನು ಪ್ರೇಮಿಗಳೆನ್ನಲು ನಾಲಿಗೆ ಏಳದು. ಆಧಾರ ತೋರಿಸಿ ಎಂದರೆ ತೋರಿಸಲಾರೆ. ಬರೀ ಸ್ನೇಹ ಎಂದವರನ್ನು ಯಾರಾದರೂ ಆಧಾರ ಕೇಳಿದ್ದುಂಟೇ? ನಾನು ಹಿಂಜರಿಯುವುದು ಪಂಪನ ಮೇಲಿನ ಗೌರವಕ್ಕೋ, ಗುರುಗಳ ಅಂಜಿಕೆಗೋ?