ಬಣ್ಣದ ಕಲೆ ಮೇಲೆ ಹುಟ್ಟಿದ ಕುಳ್ಳ

ಇವತ್ತು ಪೋಲೆಂಡಿನ ವ್ರೊತ್ಸ್ವಾಫ್ ನಗರಕ್ಕೆ ಹೋಗೋಣ. ಅಲ್ಲಿನ ಫುಟ್‌ಪಾತ್‌ಗಳಲ್ಲಿ ಮೊಣಕಾಲೆತ್ತರವೂ ಇಲ್ಲದ ನೂರಾರು ಕಂಚಿನ ಕುಳ್ಳರು ಸಿಗ್ತಾರೆ. ಜನ ಬಗ್ಗಿ ಸೆಲ್ಫಿ ತಗೋತಾರೆ. ಆದರೆ ಈ ಕುಳ್ಳರ ಹಿಂದೆ ದೊಡ್ಡ ಜಗಳವೇ ಇದೆ.

1981ರ ಡಿಸೆಂಬರ್‌ನಲ್ಲಿ ಅಲ್ಲಿನ ಕಮ್ಯುನಿಸ್ಟ್ ಸರ್ಕಾರ ಮಾರ್ಷಲ್ ಲಾ ಹೇರಿತು. ಜನ ಗೋಡೆ ಮೇಲೆ ಬರೆದ ಘೋಷಣೆಗಳಿಗೆ ಬಣ್ಣ ಬಳಿದು ಅಳಿಸ್ತಿದ್ರು. ಉಳಿದ ಬಣ್ಣದ ಕಲೆಗಳ ಮೇಲೆ 'ಆರೆಂಜ್ ಆಲ್ಟರ್ನೇಟಿವ್' ಗುಂಪಿನವರು ಕುಳ್ಳರ ಚಿತ್ರ ಬಿಡಿಸಿದ್ರು. 1988ರ ಜೂನ್ 1ಕ್ಕೆ ಸಾವಿರಾರು ಜನ ಕುಳ್ಳರ ಟೋಪಿ ಹಾಕ್ಕೊಂಡು ಬೀದಿಗಿಳಿದರು. ಟೋಪಿ ಹಾಕಿದ್ದಕ್ಕೆ ಅರೆಸ್ಟ್ ಮಾಡಿದ್ರೆ ನಗೆಪಾಟಲಾಗೋದು ಯಾರು? ಸರ್ಕಾರವೇ!

2001ರಲ್ಲಿ ಆ ಗುಂಪಿನ ನೆನಪಿಗೆ, ಅವರು ಸೇರುತ್ತಿದ್ದ ಸ್ವಿದ್ನಿಟ್ಸ್ಕಾ ಬೀದಿಯಲ್ಲೇ ಮೊದಲ ಕುಳ್ಳ ನಿಂತ. ಉಳಿದವರು ಆಮೇಲೆ ಬಂದವರು. ಅವನನ್ನ ನೋಡೋಕೆ ತಲೆ ಬಗ್ಗಿಸಬೇಕು. ಅವನ ಕಾಲದ ಜನ ಮಾತ್ರ ತಲೆ ಬಗ್ಗಿಸಲಿಲ್ಲ.

ನಿಮ್ಮೂರಲ್ಲೂ ಇಂಥ ಪುಟ್ಟ ಪ್ರತಿಮೆ ಇದ್ರೆ ನನಗೆ ಹೇಳಿ. ಮತ್ತೆ ಸಿಗೋಣ.