ನೀರು ನಿಂತ ಜೋಳದ ಬೇರು ಮತ್ತು ಡಿಎನ್‌ಎಯ ಗಂಟು



ಮುಸುಕಿನ ಜೋಳ ಮೊಣಕಾಲೆತ್ತರ ಬರುವ ಮೊದಲೇ ಭಾರಿ ಮಳೆ ಸುರಿದು ಹೊಲದಲ್ಲಿ ನೀರು ನಿಂತರೆ, ಪೈರು ಹಳದಿಗೆ ತಿರುಗುವುದನ್ನು ತಾವೆಲ್ಲ ಕಂಡಿದ್ದೀರಿ. ಬೇರು ಕೊಳೆಯಿತು ಎನ್ನುವುದು ವಾಡಿಕೆ. ಕೊಳೆಯುವುದು ಆಮೇಲಿನ ಮಾತು. ಮೊದಲು ಅದಕ್ಕೆ ಉಸಿರು ಕಟ್ಟುತ್ತದೆ. ಮಣ್ಣಿನ ಸಂದುಗಳಲ್ಲಿದ್ದ ಗಾಳಿಯ ಜಾಗವನ್ನು ನೀರು ತುಂಬಿಕೊಂಡು, ಉಳಿದಿದ್ದ ಆಮ್ಲಜನಕ ಒಂದೆರಡು ದಿನಗಳಲ್ಲಿ ಮುಗಿದುಹೋಗುತ್ತದೆ.

ಆದರೆ ಬೇರು ಸುಮ್ಮನೆ ಸಾಯಲು ಒಪ್ಪುವುದಿಲ್ಲ. ದಿನನಿತ್ಯದ ಸಸಾರಜನಕಗಳ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿ, ಸುಮಾರು 20 ಬಗೆಯ ಬೇರೆ ಸಸಾರಜನಕಗಳನ್ನು ತಯಾರಿಸತೊಡಗುತ್ತದೆ. ಇದನ್ನು ಅಮೆರಿಕದ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದರು. ಇವುಗಳಲ್ಲಿ ಹಲವು, ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆದು ಅಷ್ಟಿಷ್ಟು ಶಕ್ತಿ ಪಡೆಯಲು ಬೇಕಾದ ಕಿಣ್ವಗಳು. ಹಾಗಾದರೆ, ಅದುವರೆಗೆ ಸುಮ್ಮನಿದ್ದ ವಂಶವಾಹಿಗಳನ್ನು ಎಬ್ಬಿಸುವವರು ಯಾರು?

ವಂಶವಾಹಿಗಳು ಡಿಎನ್‌ಎ ಎಂಬ ಎಳೆಯಲ್ಲಿರುತ್ತವೆ. ಹುರಿಗೊಳಿಸಿದ ಜೋಡಿ ಹಗ್ಗದಂತಿರುವ ಇದರ ರೂಪವನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ತಿಳಿಸಿದರು. ಇದರ ಬರಹಕ್ಕೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಆದರೆ ಹಗ್ಗ ಎಲ್ಲ ಕಡೆಯೂ ಒಂದೇ ರೀತಿ ಇರುವುದಿಲ್ಲ. ಜಿ ಅಕ್ಷರ ಮೂರು ಮೂರರ ಗುಂಪಾಗಿ ಹತ್ತಿರ ಹತ್ತಿರ ನಾಲ್ಕು ಸಲ ಬಂದರೆ, ಆ ಎಳೆ ತನ್ನ ಜೋಡಿಯನ್ನು ಬಿಟ್ಟು ತನ್ನ ಮೇಲೆಯೇ ಮಡಿಚಿಕೊಳ್ಳಬಲ್ಲುದು. ನಾಲ್ಕು ಜಿ ಸೇರಿ ಒಂದು ಚೌಕದ ಹಲಗೆ. ಅಂಥ ಹಲಗೆಗಳು ಒಂದರ ಮೇಲೊಂದು ಕೂತು ಗಂಟಾಗುತ್ತದೆ. ನಡುವೆ ಆಣಿಯಂತೆ ನಿಂತು ಅದನ್ನು ಗಟ್ಟಿಗೊಳಿಸುವುದು ಪೊಟ್ಯಾಸಿಯಂ. ತಾವು ಹೊಲಕ್ಕೆ ಹಾಕುವ ಪೊಟ್ಯಾಷಿನಲ್ಲಿರುವುದೂ ಅದೇ. ಹಾಗೆಂದು ಗಂಟಿಗಾಗಿ ಯಾರೂ ಹೆಚ್ಚು ಪೊಟ್ಯಾಷ್ ಹಾಕಬೇಕಾಗಿಲ್ಲ!

2014ರಲ್ಲಿ ಅಮೆರಿಕದ ವಿಜ್ಞಾನಿಗಳು ಮುಸುಕಿನ ಜೋಳದ ಇಡೀ ಡಿಎನ್‌ಎ ಬರಹವನ್ನು ಕಂಪ್ಯೂಟರಿನಿಂದ ಜಾಲಾಡಿದಾಗ, ಇಂತಹ ಗಂಟು ಬೀಳಬಲ್ಲ ಸ್ಥಳಗಳು ಸುಮಾರು ಒಂದೂವರೆ ಲಕ್ಷ ಸಿಕ್ಕವು. ಸಾವಿರಾರು ವಂಶವಾಹಿಗಳಲ್ಲಿ ಅವು ಇದ್ದದ್ದು ಓದು ಶುರುವಾಗುವ ತುದಿಯ ಹತ್ತಿರ, ಬಾಗಿಲಿಗೆ ಅಗುಳಿ ಇರುವಂತೆ. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಆಮ್ಲಜನಕದ ಕೊರತೆ ಮತ್ತು ಶಕ್ತಿಯ ಅಭಾವವನ್ನು ನಿಭಾಯಿಸುವ ವಂಶವಾಹಿಗಳಲ್ಲಿ ಇವು ಎದ್ದು ಕಂಡವು. ಅವುಗಳ ಪೈಕಿ ಒಂದು ಕುಟುಂಬ ಭತ್ತದ ಸಬ್-1ಎ ವಂಶವಾಹಿಯ ಬಳಗಕ್ಕೇ ಸೇರಿದ್ದು. ಒಡಿಶಾದ ನಾಟಿ ತಳಿಯಿಂದ ಬಂದ ಆ ವಂಶವಾಹಿಯನ್ನು 2006ರಲ್ಲಿ ಗುರುತಿಸಲಾಯಿತು. ಎರಡು ವಾರದವರೆಗೆ ಮುಳುಗಿದರೂ ಚೇತರಿಸಿಕೊಳ್ಳಬಲ್ಲ ಸ್ವರ್ಣ-ಸಬ್1 ತಳಿಗೆ ಅದೇ ಆಧಾರ. 2015ರಲ್ಲಿ, ಇಂಥ ಗಂಟನ್ನು ಹಿಡಿದು ಭದ್ರಪಡಿಸುವ ಒಂದು ಸಸಾರಜನಕ ಜೋಳದಲ್ಲಿಯೇ ಇರುವುದು ಪ್ರಯೋಗಾಲಯದಲ್ಲಿ ಕಂಡುಬಂತು.

ಇಲ್ಲಿ ಸ್ವಲ್ಪ ತಡೆಯಬೇಕು. ಅಕ್ಷರಗಳ ಸಾಲು ಇದ್ದ ಮಾತ್ರಕ್ಕೆ ಗಂಟು ಬಿದ್ದೇ ಇದೆ ಎನ್ನಲಾಗದು. ಬಿದ್ದರೂ ಅದು ಬಾಗಿಲನ್ನು ತೆರೆಯಿತೋ ಮುಚ್ಚಿತೋ ಎಂಬುದನ್ನು ಒಂದೊಂದು ವಂಶವಾಹಿಗೂ ಬೇರೆಯಾಗಿಯೇ ಪರೀಕ್ಷಿಸಬೇಕು. ಆದುದರಿಂದ ಗಂಟಿನ ಹೆಸರು ಹೇಳಿ ಬೀಜವನ್ನೋ ಔಷಧವನ್ನೋ ಮಾರಲು ಬಂದವರನ್ನು ನಂಬಬೇಡಿ.

ಸದ್ಯಕ್ಕೆ ಬೇರಿನ ಉಸಿರು ರೈತರ ಸಲಿಕೆಯಲ್ಲಿದೆ. ಎರೆಭೂಮಿಯಲ್ಲಿ ದಿಂಡು ಮಾಡಿ ಬಿತ್ತಿ, ಇಳಿಜಾರಿನ ಕಡೆಗೆ ಬಸಿಗಾಲುವೆ ತೆಗೆಯಿರಿ. ಎಳೆಯ ಪೈರಿನ ಸುಳಿಮೊಗ್ಗು ಐದಾರು ಎಲೆ ಬರುವವರೆಗೂ ಮಣ್ಣಿನೊಳಗೇ ಇರುವುದರಿಂದ, ಆ ದಿನಗಳಲ್ಲಿ ನೀರನ್ನು ಬೇಗ ಹೊರಹಾಕುವುದು ಅತಿ ಮುಖ್ಯ. ನಿಂತ ನೀರಿನಲ್ಲಿ ಸಾರಜನಕವೂ ನಷ್ಟವಾಗುತ್ತದೆ. ನೆಲ ಕಾಲಿಡುವಷ್ಟು ಆರಿದ ಮೇಲೆ ಪೈರಿನ ಬಣ್ಣ ನೋಡಿಕೊಂಡು ಯೂರಿಯಾವನ್ನು ಮೇಲುಗೊಬ್ಬರವಾಗಿ ಕೊಡಿ.