ಭೈಷಜ್ಯದಾನ: ಕಟ್ಟಡದಿಂದ ಆಚೆಗೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

  

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕನ ಕರ್ತವ್ಯವೆಂಬುದು ಸರ್ವವಿದಿತವಾದ ಸಂಗತಿ. ಕನ್ನಡ ನಾಡಿನ ಶಾಸನಗಳು ದಾನಿಗಳನ್ನು ಹೊಗಳುವಾಗ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. ಇಂದಿಗೂ ಆಹಾರದಾನಕ್ಕೆ ಅನ್ನಛತ್ರಗಳಿವೆ, ಅಭಯದಾನಕ್ಕೆ ಗೋಶಾಲೆಗಳಿವೆ, ಶಾಸ್ತ್ರದಾನಕ್ಕೆ ಗ್ರಂಥಮಾಲೆಗಳೂ ವಿದ್ಯಾರ್ಥಿನಿಲಯಗಳೂ ಇವೆ. ಭೈಷಜ್ಯದಾನವೆಂದೊಡನೆ ಮಾತ್ರ ದಾನಿಯ ಮನಸ್ಸು ಒಂದು ಆಸ್ಪತ್ರೆಯ ಕಟ್ಟಡಕ್ಕೆ, ಅದರ ಬಾಗಿಲಿನ ಅಮೃತಶಿಲೆಯ ಫಲಕಕ್ಕೆ ಹೋಗಿ ನಿಂತುಬಿಡುತ್ತದೆ. ಆ ದಾನ ಅಷ್ಟಕ್ಕೇ ಮುಗಿಯುವುದೇ ಎಂಬುದು ಇಂದಿನ ವಿಚಾರ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಔಷಧದಾನಕ್ಕೆ ದೃಷ್ಟಾಂತವಾಗಿ ಹೆಸರಿಸಿರುವುದು ವೃಷಭಸೇನೆಯನ್ನು. ಹಿಂದಿನ ಜನ್ಮದಲ್ಲಿ ಆಕೆ ಪೀಡಿತರಾದ ಮುನಿಗಳಿಗೆ ಔಷಧೋಪಚಾರ ಮಾಡಿದ ಪುಣ್ಯದಿಂದ, ಆಕೆಯ ಸ್ನಾನದ ಜಲವೇ ರೋಗಹರವಾಯಿತೆಂಬ ಕಥೆಯನ್ನು ಪ್ರವಚನಗಳಲ್ಲಿ ಎಲ್ಲರೂ ಕೇಳಿರುತ್ತಾರೆ. ಆದರೆ ಆ ಕಥೆಯ ದಾದಿ ರೂಪವತಿಯನ್ನು ನೆನೆಯುವವರು ವಿರಳ. ಸ್ನಾನದ ನೀರು ನಿಂತ ಗುಂಡಿಯಲ್ಲಿ ಹೊರಳಿದ ರೋಗಿಷ್ಠ ನಾಯಿ ಗುಣವಾದುದನ್ನು ಗಮನಿಸಿದವಳು ಅವಳು. ಇದಕ್ಕೆ ಕಾರಣವೇನಿರಬಹುದೆಂದು ಊಹಿಸಿ, ಆ ನೀರನ್ನು ಕಣ್ಣು ಕಾಣದ ತನ್ನ ತಾಯಿಯ ಕಣ್ಣಿಗೆ ಹಾಕಿ ಪರೀಕ್ಷಿಸಿದವಳೂ ಅವಳೇ. ನೀರಿನಲ್ಲಿ ಗುಣವಿದ್ದರೂ ಅದನ್ನು ಕಂಡುಹಿಡಿಯುವ ಒಂದು ಜೊತೆ ಕಣ್ಣು ಇಲ್ಲದಿದ್ದರೆ ರಾಜ್ಯದ ರೋಗಿಗಳಿಗೆ ಅದು ದಕ್ಕುತ್ತಿರಲಿಲ್ಲ. ಇಂದು ವೈದ್ಯಕೀಯ ಸಂಶೋಧನೆಯೆಂದು ಕರೆಯುವುದು ಈ ಕಾರ್ಯವನ್ನೇ. ಔಷಧವನ್ನು ಕೊಡುವವನಿಗೆ ದೊರೆಯುವ ಮನ್ನಣೆ ಅದನ್ನು ಹುಡುಕುವವನಿಗೆ ದೊರೆಯುವುದಿಲ್ಲ. ಹಣವಂತೂ ದೊರೆಯುವುದೇ ಇಲ್ಲ.

ಇದಕ್ಕೆ ದೂರದ ದೇಶದ ಉದಾಹರಣೆ ಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸಾಯತೊಡಗಿದುವು. ಅದರ ಬೆನ್ನಿಗೇ ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು, ಕೆಲವರು ತೀರಿಕೊಂಡರು. ಕಾಡಿನ ಉಣುಗುಗಳ ಕಡಿತದಿಂದ ಹರಡುವ ಹೊಸ ವೈರಸ್ಸೊಂದು ಇದಕ್ಕೆ ಕಾರಣವೆಂದು ಸ್ವಲ್ಪ ಕಾಲದಲ್ಲಿಯೇ ತಿಳಿದುಬಂದಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ. ಇಷ್ಟು ಬೇಗ ತಿಳಿದುದು ಹೇಗೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಸೇರಿ ೧೯೫೨ರಲ್ಲಿಯೇ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದ್ದುವು. ಆ ಪ್ರತಿಷ್ಠಾನದ ಮೂಲಧನವು ಎಣ್ಣೆಯ ವ್ಯಾಪಾರಿಯೊಬ್ಬನ ಗಳಿಕೆ. ಆ ಹಣ ಪುಣೆಗೆ ಬಂದಾಗ ಕ್ಯಾಸನೂರು ಎಂಬ ಹೆಸರನ್ನು ಕೊಟ್ಟವರೂ ಕೇಳಿರಲಿಲ್ಲ, ಪಡೆದವರೂ ಕೇಳಿರಲಿಲ್ಲ. ರೋಗ ಬಂದ ಮೇಲೆ ಪ್ರಯೋಗಾಲಯಕ್ಕೆ ಅಡಿಗಲ್ಲು ಹಾಕಿದ್ದರೆ ಆ ಹಳ್ಳಿಗಳ ಗತಿ ಏನಾಗುತ್ತಿತ್ತೆಂಬುದನ್ನು ವ್ಯವಹಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬರಗಾಲ ಬಂದ ಮೇಲೆ ಕಣಜ ಕಟ್ಟುವವನನ್ನು ಯಾರೂ ಜಾಣನೆನ್ನುವುದಿಲ್ಲ.

ಮುಂದಿನ ಕಥೆ ಅಷ್ಟು ಸಂತೋಷದಾಯಕವಲ್ಲ. ಈ ರೋಗಕ್ಕೆ ನೇರವಾದ ಔಷಧಿ ಇಂದಿಗೂ ಇಲ್ಲ, ಶುಶ್ರೂಷೆಯೊಂದೇ ಚಿಕಿತ್ಸೆ. ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯನ್ನು ೧೯೯೦ರಿಂದ ಕೊಡಲಾಗುತ್ತಿದ್ದಿತು. ೨೦೦೫ರಿಂದ ೨೦೧೦ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಎರಡು ಚುಚ್ಚುಮದ್ದುಗಳಿಂದ ಶೇಕಡ ೬೨ರಷ್ಟು, ಮೂರನೆಯದೂ ಸೇರಿದರೆ ಶೇಕಡ ೮೩ರಷ್ಟು ರಕ್ಷಣೆ ಕಂಡುಬಂದಿತು. ಅನಂತರ ಅದರ ಶಕ್ತಿ ಕುಂದಿ, ೨೦೨೨ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹೊಸ ಲಸಿಕೆಯ ಕಾರ್ಯವನ್ನು ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಡನೆ ಕೈಗೊಂಡಿದೆ. ಆದರೆ ರೋಗ ಮೊದಲು ಕಂಡು ಅರುವತ್ತು ವರ್ಷಗಳಿಗೂ ಮಿಕ್ಕು ಕಾಲ ಸರಿದ ಮೇಲೆ ಈ ಸ್ಥಿತಿ ಏಕೆ? ತರಗೆಲೆ ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋಗುವ ಬಡವನಿಗೆ ಬರುವ ಕಾಯಿಲೆ ಇದು. ಗಿರಾಕಿಗಳು ಕಡಮೆ, ಇರುವವರ ಕೈಯಲ್ಲಿ ಕಾಸಿಲ್ಲ. ಲಾಭದ ಆಸೆಯಿಂದ ಇಂತಹ ಸರಕಿಗೆ ಬಂಡವಾಳ ಹೂಡುವ ಕಂಪೆನಿಯನ್ನು ದೂಷಿಸಿ ಪ್ರಯೋಜನವಿಲ್ಲ. ಅಂಥದೊಂದು ಇದ್ದರಲ್ಲವೆ ದೂಷಿಸುವುದು! ಇಂತಹ ರೋಗಕ್ಕೆ ಸರ್ಕಾರದ ಹಣ, ಇಲ್ಲವೆ ದಾನದ ಹಣ, ಇವೆರಡೇ ಗತಿ.

ಈ ಕಾಡು ಜೈನ ಸಮಾಜಕ್ಕೆ ಪರಕೀಯವಾದುದಲ್ಲ. ಪದ್ಮಾವತಿ ದೇವಿಯ ಹೊಂಬುಜವಿರುವುದು ಇದೇ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಗೇರುಸೊಪ್ಪೆಯ ಚತುರ್ಮುಖ ಬಸದಿ, ಸಿದ್ದಾಪುರದ ಬಳಿಯ ಬಿಳಗಿಯ ಬಸದಿ, ಇವೆಲ್ಲ ಈ ರೋಗ ಕಂಡ ಸೀಮೆಯಲ್ಲಿಯೇ ಇವೆ. ಯಾತ್ರೆಗೆ ಹೋದಾಗ ಬಸದಿಯ ಅಂಗಳವನ್ನು ಗುಡಿಸಿಟ್ಟಿದ್ದ ಕೈ ಯಾವುದೆಂಬುದನ್ನು ಯಾತ್ರಿಕರು ಒಮ್ಮೆ ನೆನೆಯಬೇಕು.

ಇಲ್ಲಿ ಒಂದು ಸಂದೇಹ ಏಳುತ್ತದೆ. ಅದನ್ನು ಮುಚ್ಚಿಡುವುದು ಧರ್ಮಸಭೆಗೆ ತಕ್ಕುದಲ್ಲ. ಸಂಶೋಧನೆಯಲ್ಲಿ ಪ್ರಾಣಿಹಿಂಸೆ ಇಲ್ಲವೆ? ಇದೆ. ಪೋಲಿಯೋ ಲಸಿಕೆಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅಮೆರಿಕದಲ್ಲಿ ೧೯೩೮ರಿಂದ ಸಾಮಾನ್ಯ ಜನರು ಡಾಲರಿನ ಹತ್ತನೆಯ ಒಂದಂಶದ ಪುಟ್ಟ ನಾಣ್ಯಗಳನ್ನು ಕೂಡಿಸಿ ಕಳುಹಿಸಿದರು. ಆ ನಿಧಿಯ ನೆರವಿನಿಂದ ಜೋನಸ್ ಸಾಲ್ಕ್ ಸಿದ್ಧಪಡಿಸಿದ ಲಸಿಕೆಯನ್ನು ೧೯೫೪ರಲ್ಲಿ ಸುಮಾರು ಹದಿನೆಂಟು ಲಕ್ಷ ಮಕ್ಕಳು ಪಾಲ್ಗೊಂಡ ಪರೀಕ್ಷೆಗೆ ಒಳಪಡಿಸಿ, ೧೯೫೫ರ ಏಪ್ರಿಲ್ ೧೨ರಂದು ಅದು ಫಲಕಾರಿಯೆಂದು ಸಾರಲಾಯಿತು. ಬಡವರ ಕಾಸಿನಿಂದ ಎಷ್ಟು ದೊಡ್ಡ ಕಾರ್ಯವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಲಸಿಕೆಯ ಅಭಿಯಾನದಿಂದಲೇ ಭಾರತವೂ ೨೦೧೪ರ ಮಾರ್ಚ್ ೨೭ರಂದು ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಆ ಲಸಿಕೆಗೆ ಬೇಕಾದ ಜೀವಕೋಶಗಳನ್ನು ಕೋತಿಗಳ ಮೂತ್ರಪಿಂಡಗಳಿಂದ ತೆಗೆಯುತ್ತಿದ್ದರು, ಆ ಕೋತಿಗಳಲ್ಲಿ ಬಹಳಷ್ಟು ಭಾರತದಿಂದಲೇ ಹಡಗು, ವಿಮಾನಗಳಲ್ಲಿ ಹೋದುವು. ಭಾರತ ಸರ್ಕಾರವು ಕೋತಿಗಳ ರಫ್ತನ್ನು ಪೂರ್ಣವಾಗಿ ನಿಲ್ಲಿಸಿದುದು ೧೯೭೮ರಲ್ಲಿ. ಮಗುವಿನ ಕಾಲು ಉಳಿಯಿತೆಂಬ ಆನಂದದಲ್ಲಿ ಈ ಲೆಕ್ಕವನ್ನು ಖಾತೆಯಿಂದ ಅಳಿಸಿಬಿಡುವುದು ಪ್ರಾಮಾಣಿಕತೆಯಲ್ಲ.

ಹಾಗೆಂದು ಶ್ರಾವಕನು ಕೈಕಟ್ಟಿ ಕುಳಿತುಕೊಳ್ಳಬೇಕೆ? ಸಾವಿರ ವರ್ಷಕ್ಕೂ ಹಿಂದೆಯೇ ಈ ಪ್ರಶ್ನೆಯನ್ನು ಎದುರಿಸಿದವರು ಉಗ್ರಾದಿತ್ಯಾಚಾರ್ಯರು. ಅವರ ಕಲ್ಯಾಣಕಾರಕವು ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ವಿವರಿಸುವ ವೈದ್ಯಗ್ರಂಥ. ಔಷಧಿಯಲ್ಲಿ ಮಾಂಸವು ನಿಷ್ಪ್ರಯೋಜಕವೆಂದು ನೃಪತುಂಗನ ಆಸ್ಥಾನದಲ್ಲಿ ವೈದ್ಯರ ಮುಂದೆ ವಾದಿಸಿದುದನ್ನು ಅವರೇ ಅದರ ಕೊನೆಯಲ್ಲಿ ತಿಳಿಸಿದ್ದಾರೆ. ಹಿಂಸೆಯಿದೆಯೆಂದು ಅವರು ವೈದ್ಯವನ್ನೇ ತ್ಯಜಿಸಲಿಲ್ಲ. ಹಿಂಸೆಯಿಲ್ಲದ ವೈದ್ಯವನ್ನು ಹುಡುಕಿದರು. ಇಂದು ಆ ಹುಡುಕಾಟಕ್ಕೆ ಕಾನೂನಿನ ಬೆಂಬಲವೂ ದೊರೆತಿದೆ. ೨೦೨೩ರಲ್ಲಿ ಭಾರತ ಸರ್ಕಾರವು ಹೊಸ ಔಷಧಿಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮೇಲೆಯೂ ಗಣಕಯಂತ್ರದ ಮೂಲಕವೂ ನಡೆಸುವ ಪರೀಕ್ಷೆಗಳಿಗೆ ಅವಕಾಶ ಕಲ್ಪಿಸಿತು. ಇಂತಹ ವಿಧಾನಗಳನ್ನು ಬೆಳೆಸುವ ಯುವ ವಿಜ್ಞಾನಿಗಳಿಗೆ ಜೈನ ಸಮಾಜದ ಹಣ ಹೋಗಬೇಕು. ದಾನಪತ್ರದಲ್ಲಿ ಈ ನಿಬಂಧನೆಯನ್ನು ಸ್ಪಷ್ಟವಾಗಿ ಬರೆಯುವ ಅಧಿಕಾರ ದಾನಿಗೆ ಇದೆ. ಹಣ ಕೊಡದೆ ದೂರ ನಿಂತವನ ಆಕ್ಷೇಪಣೆಗೆ ಪ್ರಯೋಗಾಲಯದಲ್ಲಿ ಬೆಲೆಯಿಲ್ಲ.

ಹಣದ ಮಾತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ೨೦೨೨ರಲ್ಲಿ ಎರಡು ದಂಪತಿಗಳು ಸೇರಿ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗಾಗಿ ೪೨೫ ಕೋಟಿ ರೂಪಾಯಿಗಳನ್ನು ಕೊಟ್ಟರು. ಅಂತಹ ಮೊತ್ತ ಎಲ್ಲರಿಂದಲೂ ಸಾಧ್ಯವಿಲ್ಲ. ವರ್ಷಕ್ಕೆ ಐದು ಕೋಟಿಗೂ ಮೀರಿ ನಿವ್ವಳ ಲಾಭವಿರುವ ಕಂಪೆನಿಗಳು ಸರಾಸರಿ ಲಾಭದ ಶೇಕಡ ಎರಡನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕೆಂದು ೨೦೧೩ರ ಕಾನೂನು ವಿಧಿಸಿದೆ. ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನಾ ಸಂಸ್ಥೆಗಳಿಗೆ ಅದನ್ನು ಕೊಡಬಹುದೆಂದು ೨೦೧೯ರಲ್ಲಿ ಸೇರಿಸಲಾಯಿತು. ದೊಡ್ಡ ಉದ್ಯಮಿಗಳು ಇದನ್ನು ತಮ್ಮ ಲೆಕ್ಕಿಗರಿಂದ ವಿಚಾರಿಸಿಕೊಳ್ಳಲಿ. ಅಂಗಡಿಕಾರರಿಗೆ ಕಾನೂನಿನ ಒತ್ತಾಯವಿಲ್ಲ, ಅಣುವ್ರತವಿದೆ. ಪರಿಗ್ರಹ ಪರಿಮಾಣಕ್ಕೆ ಮಿಕ್ಕಿದುದು ಎಲ್ಲಿಗೆ ಹೋಗಬೇಕೆಂಬುದು ಅವರಿಗೆ ತಿಳಿದಿದೆ.

ಪ್ರಾಚೀನ ದಾನಿಗಳಿಂದ ಕಲಿಯಬೇಕಾದ ಇನ್ನೊಂದು ವಿಷಯವಿದೆ. ಅವರು ಬಸದಿಯನ್ನು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ನಿತ್ಯಪೂಜೆಗೆ, ಋಷಿಗಳ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಭೂಮಿಯನ್ನು ಬಿಟ್ಟುಕೊಟ್ಟು ಶಾಸನ ಬರೆಸಿದರು. ಇಂದಿನ ಆಸ್ಪತ್ರೆಗಳಿಗೆ ಕಟ್ಟಡ ದೊರೆಯುತ್ತದೆ; ದಾದಿಯರ ಸಂಬಳ, ಯಂತ್ರದ ದುರಸ್ತಿ, ಔಷಧಿಯ ಬಾಕಿ, ಇವುಗಳಿಗೆ ದಾನಿ ದೊರೆಯುವುದಿಲ್ಲ. ಸಂಶೋಧನೆಗಂತೂ ತೋರಿಸಲು ಗೋಡೆಯೂ ಇಲ್ಲ. ಹತ್ತು ವರ್ಷ ಹಣ ಕೊಟ್ಟರೂ ಫಲ ಸೊನ್ನೆಯಾಗಬಹುದು. ಈ ಮಾರ್ಗದಲ್ಲಿ ಔಷಧವಿಲ್ಲವೆಂದು ತಿಳಿದುದೂ ಜಮೆಯೇ ಎಂಬುದನ್ನು ಒಪ್ಪುವ ಮನಸ್ಸು ಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಾಗ ಯಾವ ಪ್ರತಿಯನ್ನು ಯಾರು ಓದುವರೆಂದು ಕೇಳಲಿಲ್ಲ.

ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕದ ಕಲಶಗಳಿಂದ ಬಂದ ದ್ರವ್ಯದಿಂದ ಮಕ್ಕಳ ಆಸ್ಪತ್ರೆಯಾದುದನ್ನು ಎಲ್ಲರೂ ಬಲ್ಲರು. ಈ ಪ್ರತಿಷ್ಠಾ ಮಹೋತ್ಸವದಲ್ಲಿಯೂ ಕಲಶ, ಪಾಲಕಿ, ಇಂದ್ರಪದವಿಗಳ ಸವಾಲುಗಳು ನಡೆಯಲಿವೆ. ಅವುಗಳಿಂದ ಬರುವ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಭೈಷಜ್ಯದಾನದ ಪುದುವಟ್ಟಾಗಿ ಬ್ಯಾಂಕಿನಲ್ಲಿ ಇಡಬೇಕು. ಅದರ ಬಡ್ಡಿಯ ಅರ್ಧವು ಮಂಗನ ಕಾಯಿಲೆಯ ಸೀಮೆಯ ಹಳ್ಳಿಗಳಿಗೆ ಹೋಗಲಿ: ಮೈಗೆ ಹಚ್ಚುವ ಉಣುಗು ನಿವಾರಕ ಎಣ್ಣೆಗೆ, ಕಾಡಿಗೆ ಹೋಗುವವರ ಕಾಲುಚೀಲ ಬೂಟುಗಳಿಗೆ, ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ವಾಹನದ ವೆಚ್ಚಕ್ಕೆ. ಇನ್ನರ್ಧವು ಪ್ರಾಣಿಹಿಂಸೆಯಿಲ್ಲದ ಸಂಶೋಧನೆಯಲ್ಲಿ ತೊಡಗಿದ ವಿದ್ಯಾರ್ಥಿಗೆ ವೇತನವಾಗಲಿ. ಜಾತಿ ಮತಗಳನ್ನು ಕೇಳಬಾರದು. ಜಮಾಖರ್ಚನ್ನು ಪ್ರತಿವರ್ಷ ಮಹಾವೀರ ಜಯಂತಿಯಂದು ಬಸದಿಯ ಮುಖಮಂಟಪದಲ್ಲಿ ಓದಿ ಹೇಳತಕ್ಕದ್ದು. ಉಣುಗಿನ ಕಾಟ ಡಿಸೆಂಬರಿನಿಂದ ಮೇ ತಿಂಗಳವರೆಗೆ ಇರುವುದರಿಂದ, ಮೊದಲ ಕಂತಿನ ಎಣ್ಣೆ ನವೆಂಬರಿನೊಳಗೆ ಹಳ್ಳಿಗಳನ್ನು ಮುಟ್ಟಬೇಕು. ಪ್ರತಿಷ್ಠಾ ಸಮಿತಿಯವರು ನಾಳಿನ ಸವಾಲು ಆರಂಭವಾಗುವ ಮೊದಲೇ ಇದನ್ನು ಸಭೆಯ ಮುಂದಿಟ್ಟು ನಿರ್ಣಯಿಸಬೇಕೆಂದು ವಿನಂತಿ.

ಜಯಜಿನೇಂದ್ರ.